ಸೂಜಿ ಚುಚ್ಚಿಸ್ಕೊಳ್ಳೋ ಮುನ್ನ: ಆಕ್ಯುಪಂಕ್ಚರ್ ಬಗ್ಗೆ ತಿಳಿದಿರಬೇಕಾದ್ದು

ಬೆಳಗ್ಗೆಯಿಂದ ಸಂಜೆವರೆಗೆ ಲ್ಯಾಪ್‌ಟಾಪ್ ಮುಂದೆ, ಆಮೇಲೆ ಟ್ರಾಫಿಕ್‌ನಲ್ಲಿ ಬೈಕ್ ಮೇಲೆ, ರಾತ್ರಿ ನಿದ್ದೆ ಬರೋ ತನಕ ಮೊಬೈಲ್ ಹಿಡಿದು. ಕುತ್ತಿಗೆ, ಸೊಂಟ, ತಲೆ ಈ ಮೂರರಲ್ಲಿ ಒಂದಾದರೂ ನೋಯದವರು ಆಫೀಸಿನಲ್ಲಿ ಸಿಗೋದೇ ಕಷ್ಟ. ಮುಲಾಮು ಹಚ್ಚಿದ್ದಾಯ್ತು, ಮಾತ್ರೆ ನುಂಗಿದ್ದಾಯ್ತು, ಫಿಸಿಯೊಥೆರಪಿಗೆ ನಾಲ್ಕು ದಿನ ಹೋಗಿ ಬಿಟ್ಟಿದ್ದೂ ಆಯ್ತು. ಆಗ ಯಾರೋ ಹೇಳ್ತಾರೆ: ‘ಒಂದ್ಸಲ ಆಕ್ಯುಪಂಕ್ಚರ್ ಮಾಡಿಸಿ ನೋಡ್ರೀ, ನಮ್ಮ ಚಿಕ್ಕಮ್ಮಂಗೆ ಮಂಡಿನೋವು ಮಾಯ ಆಯ್ತು.’ ಪಕ್ಕದಲ್ಲಿ ಕೂತವರು ಹೇಳ್ತಾರೆ: ‘ಅದೆಲ್ಲ ಬರೀ ನಂಬಿಕೆ, ದುಡ್ಡು ದಂಡ.’

ಇಬ್ಬರ ಮಾತಲ್ಲೂ ಅರ್ಧರ್ಧ ಸತ್ಯ ಇದೆ. ಕೆಲವು ಬಗೆಯ ಹಳೇ ನೋವುಗಳಿಗೆ ಈ ಸೂಜಿಗಳಿಂದ ನೆರವು ಸಿಗುತ್ತೆ ಅನ್ನೋದಕ್ಕೆ ಒಳ್ಳೆಯ ಅಧ್ಯಯನಗಳಿವೆ. ‘ಎಲ್ಲ ಕಾಯಿಲೆಗೂ ಇದೇ ಮದ್ದು’ ಅನ್ನೋದಕ್ಕೆ ಇಲ್ಲ. ಈ ಎರಡರ ನಡುವಿನ ಗೆರೆ ಗೊತ್ತಿದ್ದರೆ ದುಡ್ಡೂ ಉಳಿಯುತ್ತೆ, ಕೆಲವೊಮ್ಮೆ ಆರೋಗ್ಯವೂ ಉಳಿಯುತ್ತೆ.

ಐದು ಸಾವಿರ ವರ್ಷ ಹಳೇದಾ?

ಚೀನಾದಲ್ಲಿ ಈ ಚಿಕಿತ್ಸೆಯ ಹೆಸರು ‘ಝೆನ್‌ಜ್ಯೂ’. ‘ಝೆನ್’ ಅಂದ್ರೆ ಸೂಜಿ. ‘ಜ್ಯೂ’ ಅಂದ್ರೆ ಗಿಡಮೂಲಿಕೆ ಉರಿಸಿ ಮೈಗೆ ಶಾಖ ಕೊಡೋದು. ಅಂದ್ರೆ ಅಲ್ಲಿನವರ ಲೆಕ್ಕದಲ್ಲಿ ಸೂಜಿ ಮತ್ತು ಶಾಖ ಜೋಡಿ ಚಿಕಿತ್ಸೆ. ಶಾಖಕ್ಕೆ ಬಳಸುವ ಗಿಡ ನಮಗೆ ಅಪರಿಚಿತವೇನಲ್ಲ. ಹೂವಿನ ಅಂಗಡಿಯ ದವನ, ಮಾಚಿಪತ್ರೆಗಳ ಕುಲದ್ದೇ. ಅದರ ಎಲೆ ಒಣಗಿಸಿ, ಹತ್ತಿಯ ಹಾಗೆ ಹಿಂಜಿ, ಬತ್ತಿ ಮಾಡಿ, ಕೆಂಡದ ತುದಿಯನ್ನು ಚರ್ಮದ ಸಮೀಪ ಹಿಡಿಯುತ್ತಾರೆ.

‘ಐದು ಸಾವಿರ ವರ್ಷಗಳ ಪದ್ಧತಿ’ ಅನ್ನೋ ಮಾತು ಜಾಹೀರಾತುಗಳಲ್ಲಿ ಕಾಣುತ್ತೆ. ಸಿಕ್ಕಿರುವ ಬರಹಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಕ್ರಿ.ಪೂ. 168ರಲ್ಲಿ ಮುಚ್ಚಿದ ಮಾವಾಂಗ್‌ದುಯಿ ಸಮಾಧಿಯನ್ನು 1973ರಲ್ಲಿ ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅದರಲ್ಲಿ ದೇಹದ ನಾಡಿಮಾರ್ಗಗಳ ವಿವರ ಇದೆ, ಶಾಖದ ಚಿಕಿತ್ಸೆ ಇದೆ, ಸೂಜಿಯ ಚಿಕಿತ್ಸೆ ಇಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೂಪುಗೊಂಡ ‘ಹ್ವಾಂಗ್‌ದಿ ನೇಯ್‌ಜಿಂಗ್’ ಗ್ರಂಥದ ಹೊತ್ತಿಗೆ ಸೂಜಿ ಚಿಕಿತ್ಸೆಗೆ ಪೂರ್ತಿ ಶಾಸ್ತ್ರ ಸಿದ್ಧವಾಗಿತ್ತು. ಎರಡು ಸಾವಿರ ವರ್ಷವೂ ಕಡಿಮೆ ಏನಲ್ಲ ಬಿಡಿ.

1027ರಲ್ಲಿ ಸೋಂಗ್ ಅರಸರ ಆಸ್ಥಾನದಲ್ಲಿ ವಾಂಗ್ ವೇಯಿ ಎಂಬ ವೈದ್ಯಾಧಿಕಾರಿ ಕಂಚಿನ ಮನುಷ್ಯಾಕೃತಿಗಳನ್ನು ಎರಕ ಹೊಯ್ಯಿಸಿದ. ಮೈತುಂಬ ಬಿಂದುಗಳ ಜಾಗದಲ್ಲಿ ಸಣ್ಣ ತೂತು. ಪರೀಕ್ಷೆಯ ದಿನ ಮೇಲೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ಸರಿಯಾದ ಜಾಗಕ್ಕೆ ಚುಚ್ಚಿದ ವಿದ್ಯಾರ್ಥಿಗೆ ನೀರು ಜಿನುಗಿ ‘ಪಾಸ್’ ಅಂತ ಗೊತ್ತಾಗುತ್ತಿತ್ತು.

ಚೀನಾದಲ್ಲೇ ಇದಕ್ಕೆ ಕಷ್ಟದ ದಿನಗಳೂ ಬಂದವು. 1822ರಲ್ಲಿ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಿಂದಲೇ ಇದನ್ನು ಕೈಬಿಡಿಸಿದ. 1929ರಲ್ಲಿ ಸಾಂಪ್ರದಾಯಿಕ ವೈದ್ಯವನ್ನೇ ರದ್ದು ಮಾಡುವ ಪ್ರಸ್ತಾಪ ಬಂದು ದೊಡ್ಡ ಪ್ರತಿಭಟನೆ ಆಯಿತು. ಹಳ್ಳಿಗಳಿಗೆ ವೈದ್ಯರು ಸಾಲದಿದ್ದಾಗ ಮಾವೋ ಸರ್ಕಾರ ಮತ್ತೆ ಬೆಂಬಲ ಕೊಟ್ಟಿತು.

ಪಶ್ಚಿಮದ ಜನಕ್ಕೆ ಇದರ ಹುಚ್ಚು ಹಿಡಿದದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಸೈಟಿಸ್ ಆಗಿ ಆಪರೇಷನ್ ಆಯ್ತು. ‘ಅರಿವಳಿಕೆ ಇಲ್ಲದೆ ಬರೀ ಸೂಜಿ ಹಾಕಿ ಆಪರೇಷನ್ ಮಾಡಿದ್ರು’ ಅಂತ ಈಗಲೂ ಕಥೆ ಹೇಳುವವರಿದ್ದಾರೆ. ನಡೆದದ್ದು ಬೇರೆ. ಆಪರೇಷನ್ನಿಗೆ ಮಾಮೂಲಿ ಅರಿವಳಿಕೆಯನ್ನೇ ಕೊಟ್ಟಿದ್ದರು. ಆಮೇಲೆ ಕಾಡಿದ ಹೊಟ್ಟೆಯುಬ್ಬರಕ್ಕೆ ಸೂಜಿ ಹಾಕಿದ್ದರು. ಆತ ಬರೆದದ್ದೂ ಅದನ್ನೇ.

‘ಛೀ’ ಅಲ್ಲ, ‘ಚಿ’

ಚೀನೀ ವೈದ್ಯಶಾಸ್ತ್ರದ ಪ್ರಕಾರ ದೇಹದಲ್ಲಿ ‘ಚಿ’ ಅನ್ನೋ ಜೀವಶಕ್ತಿ ನಿರ್ದಿಷ್ಟ ದಾರಿಗಳಲ್ಲಿ ಹರಿಯುತ್ತೆ. ಮುಖ್ಯ ದಾರಿಗಳು 14. ಅವುಗಳ ಮೇಲೆ 361 ಬಿಂದುಗಳನ್ನು ಗುರುತಿಸಿದ್ದಾರೆ. ಹರಿವು ಸರಾಗ ಇದ್ದರೆ ಆರೋಗ್ಯ, ಕಟ್ಟಿಕೊಂಡರೆ ನೋವು. ಆಯಾ ಬಿಂದುವಿಗೆ ಸೂಜಿ ಹಾಕಿ ಕಟ್ಟು ಬಿಡಿಸೋದು ಚಿಕಿತ್ಸೆಯ ತತ್ವ. ಪ್ರಾಣ, ನಾಡಿ, ಮರ್ಮ ಅನ್ನೋ ಮಾತು ಕೇಳಿ ಬೆಳೆದ ನಮಗೆ ಇದು ತೀರಾ ಹೊಸದು ಅನ್ನಿಸೋದಿಲ್ಲ. ಹಾಗಂತ ಎರಡೂ ಒಂದೇ ಅಲ್ಲ.

ಬಿಂದುಗಳ ಹೆಸರುಗಳೂ ಚೆಂದ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಬಿಂದುವಿನ ಹೆಸರಿನ ಅರ್ಥ ‘ಕೂಡುವ ಕಣಿವೆ’. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮೊಣಕಾಲ ಮೂಳೆಯ ಹೊರಬದಿಯಲ್ಲಿರುವುದು ‘ಕಾಲಿನ ಮೂರು ಲಿ’. ಲಿ ಅಂದ್ರೆ ಸುಮಾರು ಅರ್ಧ ಕಿಲೋಮೀಟರ್. ಅಲ್ಲಿಗೆ ಸೂಜಿ ಬಿದ್ದರೆ ದಣಿದವನೂ ಇನ್ನೂ ಮೂರು ಲಿ ನಡೀತಾನೆ ಅನ್ನೋದು ವಾಡಿಕೆಯ ವಿವರಣೆ. ಅಳತೆಗೆ ಟೇಪ್ ಇಲ್ಲ. ರೋಗಿಯದೇ ಹೆಬ್ಬೆರಳಿನ ಅಗಲ ಒಂದು ‘ತ್ಸುನ್’, ನಾಲ್ಕು ಬೆರಳು ಸೇರಿದರೆ ಮೂರು. ಹಾಗಾಗಿ ನಿಮ್ಮ ದೇಹದ ಅಳತೆ ನಿಮ್ಮದೇ.

ಈ ದಾರಿಗಳನ್ನು ದೇಹ ಕೊಯ್ದು ತೋರಿಸೋಕೆ ಆಗಿಲ್ಲ. ಆದರೆ ಸೂಜಿ ಚುಚ್ಚಿದಾಗ ದೇಹದಲ್ಲಿ ಏನೋ ಆಗುತ್ತೆ ಅನ್ನೋದು ಮಾತ್ರ ನಿಜ. ದೇಹವೇ ತಯಾರಿಸುವ ನೋವುನಿವಾರಕ ಎಂಡಾರ್ಫಿನ್ ಬಗ್ಗೆ 1970ರ ದಶಕದಿಂದ ಸಂಶೋಧನೆ ನಡೆದಿದೆ. 2010ರಲ್ಲಿ ಇಲಿಗಳ ಮೇಲಿನ ಒಂದು ಅಧ್ಯಯನದಲ್ಲಿ, ಸೂಜಿ ಹಾಕಿದ ಜಾಗದಲ್ಲಿ ಅಡಿನೋಸಿನ್ ಎಂಬ ನೋವು ತಗ್ಗಿಸುವ ರಾಸಾಯನಿಕ ಹೆಚ್ಚಾಗಿದ್ದು ಕಂಡುಬಂತು.

ಮೊದಲ ದಿನ ಏನಾಗುತ್ತೆ?

ಸಾಂಪ್ರದಾಯಿಕ ಕ್ರಮ ಪಾಲಿಸುವವರು ಹೋದ ಕೂಡಲೇ ಸೂಜಿ ತೆಗೆಯೋದಿಲ್ಲ. ನೋಡೋದು, ಕೇಳಿಸಿಕೊಳ್ಳೋದು, ಪ್ರಶ್ನೆ ಕೇಳೋದು, ಮುಟ್ಟಿ ಪರೀಕ್ಷಿಸೋದು ಹೀಗೆ ನಾಲ್ಕು ಹಂತ. ನಾಲಿಗೆ ಚಾಚಿ ಅಂತಾರೆ. ಬಣ್ಣ, ಲೇಪ, ಬಿರುಕು ನೋಡ್ತಾರೆ. ಅದಕ್ಕೇ ಆ ದಿನ ಬೀಟ್‌ರೂಟ್ ತಿಂದು ಹೋಗಬೇಡಿ. ಎರಡೂ ಮಣಿಕಟ್ಟಿನಲ್ಲಿ ಮೂರು ಮೂರು ಕಡೆ ಬೆರಳಿಟ್ಟು ನಾಡಿ ನೋಡ್ತಾರೆ. ನಿದ್ದೆ, ಜೀರ್ಣ, ಮುಟ್ಟು, ಚಳಿ-ಸೆಕೆ ತಡೆಯೋ ಶಕ್ತಿ, ಮನಸ್ಸಿನ ಬೇಸರ ಎಲ್ಲ ಕೇಳ್ತಾರೆ. ಇಬ್ಬರಿಗೂ ತಲೆನೋವೇ ಇದ್ದರೂ ಸೂಜಿ ಬೀಳುವ ಜಾಗ ಬೇರೆ ಬೇರೆ ಆಗಬಹುದು.

ಆಮೇಲೆ ಮಲಗಿಸಿ ಜಾಗ ಒರೆಸಿ ಸೂಜಿ ಹಾಕ್ತಾರೆ. ತಲೆನೋವಿಗೆ ಬಂದವರ ಕೈಗೆ, ಪಾದಕ್ಕೆ ಸೂಜಿ ಹಾಕಿದರೆ ಗಾಬರಿ ಬೇಡ, ಪದ್ಧತಿಯೇ ಹಾಗೆ. ಸಾಮಾನ್ಯವಾಗಿ 20ರಿಂದ 30 ನಿಮಿಷ ಸೂಜಿಗಳು ಮೈಮೇಲಿರುತ್ತವೆ. ಬಹಳ ಜನ ಅಲ್ಲೇ ನಿದ್ದೆ ಹೋಗ್ತಾರೆ. ಕೆಲವರು ಸೂಜಿಗಳಿಗೆ ಸಣ್ಣ ವೈರ್ ಸಿಕ್ಕಿಸಿ ಹಗುರ ಕರೆಂಟ್ ಹರಿಸ್ತಾರೆ, ಇದು ಎಲೆಕ್ಟ್ರೋ ಆಕ್ಯುಪಂಕ್ಚರ್. ಬೆನ್ನ ಮೇಲೆ ಬಟ್ಟಲು ಕೂರಿಸಿ ಚರ್ಮ ಎಳೆಯೋದು ಕಪ್ಪಿಂಗ್. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲಿದ್ದ ನೇರಳೆ ವೃತ್ತಗಳು ಅದರವೇ. ಫಿಸಿಯೊಥೆರಪಿಸ್ಟ್‌ಗಳು ಮಾಡುವ ಡ್ರೈ ನೀಡ್ಲಿಂಗ್‌ನಲ್ಲೂ ಇಂಥದೇ ಸೂಜಿ ಬಳಸ್ತಾರೆ. ಆದರೆ ಅಲ್ಲಿ ಚಿ, ನಾಡಿಯ ಲೆಕ್ಕ ಇಲ್ಲ. ಗಂಟುಕಟ್ಟಿದ ಸ್ನಾಯುವೇ ಗುರಿ.

ನೋವಾಗುತ್ತಾ?

ಇದೇ ಎಲ್ಲರ ಮೊದಲ ಪ್ರಶ್ನೆ. ರಕ್ತ ತೆಗೆಯುವ ಸೂಜಿ ಒಳಗೆ ಟೊಳ್ಳು, ಸುಮಾರು 0.8 ಮಿಲಿಮೀಟರ್ ದಪ್ಪ. ಆಕ್ಯುಪಂಕ್ಚರ್ ಸೂಜಿ ಗಟ್ಟಿ ತಂತಿಯಂಥದ್ದು, ದಪ್ಪ ಸಾಮಾನ್ಯವಾಗಿ 0.25 ಮಿಲಿಮೀಟರ್ ಆಸುಪಾಸು. ಚುಚ್ಚುವಾಗ ಇರುವೆ ಕಚ್ಚಿದಷ್ಟು ಚುರುಕ್ ಅನ್ನಬಹುದು, ಅನ್ನದೆಯೂ ಇರಬಹುದು. ಆಮೇಲೆ ಒಳಗೊಳಗೇ ಭಾರ, ಜೋಮು, ಎಳೆತದಂಥ ಅನುಭವ ಬರುತ್ತೆ. ಚೀನೀಯರು ಇದನ್ನು ‘ದ-ಚಿ’ ಅಂತಾರೆ, ಸೂಜಿ ಸರಿಯಾದ ಜಾಗಕ್ಕೆ ತಲುಪಿದ್ದರ ಗುರುತು ಅಂತ ಭಾವಿಸ್ತಾರೆ. ಆದರೆ ಕರೆಂಟ್ ಹೊಡೆದ ಹಾಗೆ ಅಥವಾ ತಡೆಯಲಾರದಷ್ಟು ನೋವಾದರೆ ಹಲ್ಲು ಕಚ್ಚಿಕೊಂಡು ಮಲಗಬೇಡಿ, ಕೂಡಲೇ ಹೇಳಿ.

ನಿಜವಾಗ್ಲೂ ಕೆಲಸ ಮಾಡುತ್ತಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಆಕ್ಯುಪಂಕ್ಚರನ್ನು ಪರೀಕ್ಷಿಸೋದು ಮಾತ್ರೆಯನ್ನು ಪರೀಕ್ಷಿಸಿದಷ್ಟು ಸುಲಭ ಅಲ್ಲ. ಮಾತ್ರೆಗಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಸೂಜಿಗೆ? ವಿಜ್ಞಾನಿಗಳು ‘ನಕಲಿ ಸೂಜಿ’ ಮಾಡಿಕೊಂಡರು. ಚರ್ಮದೊಳಗೆ ಹೋಗದೆ ಮಡಚಿಕೊಳ್ಳುವ ಸೂಜಿ, ಅಥವಾ ಬಿಂದು ಅಲ್ಲದ ಜಾಗದಲ್ಲಿ ಮೇಲ್ಮೇಲೆ ಚುಚ್ಚುವುದು. ರೋಗಿಗೆ ಯಾವುದು ಅಸಲಿ, ಯಾವುದು ನಕಲಿ ಗೊತ್ತಿರೋದಿಲ್ಲ.

2012ರಲ್ಲಿ ಆಂಡ್ರ್ಯೂ ವಿಕರ್ಸ್ ನೇತೃತ್ವದ ತಂಡ 29 ಪ್ರಯೋಗಗಳ 17,922 ರೋಗಿಗಳ ವಿವರವನ್ನು ಒಟ್ಟಿಗೆ ಸೇರಿಸಿ ನೋಡಿತು. ಇವರೆಲ್ಲ ಬೆನ್ನು, ಕುತ್ತಿಗೆ, ಭುಜ, ಮಂಡಿ ಸವೆತ, ದೀರ್ಘಕಾಲದ ತಲೆನೋವುಗಳಿಂದ ಬಳಲುತ್ತಿದ್ದವರು. ಫಲಿತಾಂಶವನ್ನು ಆ ತಂಡ ಒಂದು ಉದಾಹರಣೆಯಲ್ಲಿ ವಿವರಿಸಿತು. ನೂರಕ್ಕೆ 60 ಅಂಕದಷ್ಟು ನೋವಿದೆ ಅಂದುಕೊಳ್ಳಿ. ಆಕ್ಯುಪಂಕ್ಚರ್ ಇಲ್ಲದೆ ಮಾಮೂಲಿ ಆರೈಕೆಯಲ್ಲಿದ್ದವರ ನೋವು 43ಕ್ಕೆ ಇಳಿಯಬಹುದು. ನಕಲಿ ಸೂಜಿಯವರದ್ದು 35ಕ್ಕೆ. ಅಸಲಿ ಸೂಜಿಯವರದ್ದು 30ಕ್ಕೆ.

ಈ ನಾಲ್ಕು ಸಂಖ್ಯೆಗಳಲ್ಲಿ ಇಡೀ ವಾದ ಅಡಗಿದೆ. 43ಕ್ಕೂ 30ಕ್ಕೂ ಇರುವ ವ್ಯತ್ಯಾಸ ನೋವು ತಿನ್ನುವವರಿಗೆ ಸಣ್ಣದಲ್ಲ. ಆದರೆ ಅದರಲ್ಲಿ ಹೆಚ್ಚು ಪಾಲು ನಕಲಿ ಸೂಜಿಯಿಂದಲೂ ಸಿಕ್ಕಿತು. ಮಲಗಿ ವಿಶ್ರಾಂತಿ ತಗೊಂಡಿದ್ದು, ಯಾರೋ ಅರ್ಧ ಗಂಟೆ ಕಿವಿಗೊಟ್ಟು ಕೇಳಿದ್ದು, ವಾಸಿಯಾಗುತ್ತೆ ಅನ್ನೋ ನಿರೀಕ್ಷೆ ಇವೆಲ್ಲ ಅದರಲ್ಲಿ ಸೇರಿರಬಹುದು. ಸರಿಯಾದ ಬಿಂದುವಿಗೆ ಸರಿಯಾಗಿ ಚುಚ್ಚಿದ್ದರಿಂದ ಸಿಕ್ಕ ಹೆಚ್ಚುವರಿ ಲಾಭ 5 ಅಂಕ.

ಜರ್ಮನಿಯಲ್ಲಿ 1,162 ಬೆನ್ನುನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ಹೇಳಿತು. ಆರು ತಿಂಗಳ ನಂತರ ಗುಣ ಕಂಡವರು ಅಸಲಿ ಸೂಜಿಯಲ್ಲಿ ಶೇ 47.6, ನಕಲಿಯಲ್ಲಿ ಶೇ 44.2, ಮಾತ್ರೆ-ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ ಶೇ 27.4. ಜರ್ಮನಿಯ ಆರೋಗ್ಯ ವಿಮೆ ಆಮೇಲೆ ಬೆನ್ನು ಮತ್ತು ಮಂಡಿ ನೋವಿನ ಆಕ್ಯುಪಂಕ್ಚರ್‌ಗೆ ಹಣ ಕೊಡಲು ಶುರುಮಾಡಿತು. ಮೈಗ್ರೇನ್ ಬಗ್ಗೆ 2016ರಲ್ಲಿ ಬಂದ ಕಾಕ್ರೇನ್ ವಿಮರ್ಶೆ 22 ಪ್ರಯೋಗಗಳನ್ನು ನೋಡಿತು. ಸೂಜಿ ಹಾಕಿಸಿಕೊಂಡವರಲ್ಲಿ ತಲೆನೋವು ಬರೋದು ಅರ್ಧಕ್ಕರ್ಧ ಕಡಿಮೆ ಆದವರು ಶೇ 41, ಮಾಮೂಲಿ ಆರೈಕೆಯಲ್ಲಿ ಶೇ 17.

ತಜ್ಞರಲ್ಲೂ ಒಮ್ಮತ ಇಲ್ಲ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2016ರಲ್ಲಿ ಸೊಂಟನೋವಿಗೆ ಆಕ್ಯುಪಂಕ್ಚರ್ ಬೇಡ ಅಂದಿತು. ಅದೇ ಸಂಸ್ಥೆ 2021ರಲ್ಲಿ ನಿರ್ದಿಷ್ಟ ಕಾರಣ ಸಿಗದ ದೀರ್ಘಕಾಲದ ನೋವಿಗೆ ಒಂದು ಸುತ್ತು ಕೊಟ್ಟು ನೋಡಬಹುದು ಅಂದಿತು.

ಎಲ್ಲಿ ಆಸೆ ಇಟ್ಟುಕೊಳ್ಳಬಾರದು? ಐವಿಎಫ್ ಮಾಡಿಸುವ ದಂಪತಿಗೆ ‘ಜೊತೆಗೆ ಸೂಜಿ ಹಾಕಿಸಿದರೆ ಗರ್ಭ ನಿಲ್ಲುತ್ತೆ’ ಅನ್ನೋ ಸಲಹೆ ಬರುತ್ತೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 848 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಮಗು ಹುಟ್ಟಿದ ಪ್ರಮಾಣ ಅಸಲಿ ಸೂಜಿಯಲ್ಲಿ ಶೇ 18.3, ನಕಲಿಯಲ್ಲಿ ಶೇ 17.8. ಏನೂ ವ್ಯತ್ಯಾಸ ಇಲ್ಲ ಅನ್ನಬಹುದು. ಡಯಾಬಿಟಿಸ್, ಥೈರಾಯ್ಡ್, ಕ್ಯಾನ್ಸರ್‌ಗಳನ್ನು ಸೂಜಿಯಿಂದಲೇ ವಾಸಿ ಮಾಡ್ತೀವಿ, ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಇನ್ಸುಲಿನ್ ಅಥವಾ ಫಿಟ್ಸ್ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ.

ಅಪಾಯ ಏನೂ ಇಲ್ವಾ?

ಇದೆ, ಕಡಿಮೆ. ಜರ್ಮನಿಯಲ್ಲೇ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಶೇ 8.6 ಮಂದಿಗೆ ಏನಾದರೊಂದು ತೊಂದರೆ ಆಗಿತ್ತು. ಹೆಚ್ಚಿನವು ಚುಚ್ಚಿದ ಜಾಗದಲ್ಲಿ ರಕ್ತ ಜಿನುಗೋದು ಅಥವಾ ಹೆಪ್ಪುಗಟ್ಟಿ ನೀಲಿಯಾಗೋದು. ಗಂಭೀರವಾದದ್ದು ಶ್ವಾಸಕೋಶಕ್ಕೆ ಸೂಜಿ ತಾಗಿ ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡದ್ದು. ಅಷ್ಟು ಜನರಲ್ಲಿ ಇಬ್ಬರಿಗೆ ಹೀಗಾಯಿತು. ಭುಜ, ಎದೆ, ಬೆನ್ನ ಮೇಲ್ಭಾಗಕ್ಕೆ ಸೂಜಿ ಹಾಕಿಸಿಕೊಂಡ ಮೇಲೆ, ಕೆಲವು ಗಂಟೆ ಕಳೆದೇ ಆಗಲಿ, ಉಸಿರು ಕಟ್ಟಿದರೆ ಅಥವಾ ಎದೆ ಚುಚ್ಚಿದರೆ ನೇರ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿದ್ದನ್ನು ಹೇಳಿ.

ಗರ್ಭಿಣಿಯಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದರೆ, ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಮೊದಲೇ ಹೇಳಲೇಬೇಕು. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಹರಿಸುವ ವಿಧಾನ ಬೇಡ. ಬರಿಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರಬಹುದು, ಹಗುರವಾಗಿ ತಿಂದು ಹೋಗಿ. ಮುಗಿದ ತಕ್ಷಣ ಮಂಪರು ಅನ್ನಿಸಿದರೆ ಬೈಕ್ ಹತ್ತಬೇಡಿ.

ಸೂಜಿಯ ವಿಷಯದಲ್ಲಿ ಮುಲಾಜು ಬೇಡ. ಒಮ್ಮೆ ಬಳಸಿ ಎಸೆಯುವಂಥದ್ದೇ ಆಗಿರಬೇಕು, ಸೀಲ್ ಇರುವ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಬಿಚ್ಚಬೇಕು. ಬಳಸಿದ ಸೂಜಿ ಕಸದ ಬುಟ್ಟಿಗಲ್ಲ, ಚುಚ್ಚಿ ಹೊರಬಾರದಂಥ ಬಿಳಿ ಪಾರದರ್ಶಕ ಡಬ್ಬಕ್ಕೆ ಹೋಗಬೇಕು ಅನ್ನುತ್ತವೆ ನಮ್ಮ ವೈದ್ಯಕೀಯ ತ್ಯಾಜ್ಯ ನಿಯಮಗಳು. ‘ನಿಮ್ಮ ಸೂಜಿ ನಿಮಗೇ ತೊಳೆದಿಟ್ಟಿರ್ತೀವಿ’ ಅಂದರೆ ಬೇಡ ಅನ್ನಿ. ರಕ್ತದಿಂದ ಹರಡುವ ಹೆಪಟೈಟಿಸ್‌ನ ಎದುರು ದಾಕ್ಷಿಣ್ಯ ದುಬಾರಿ.

ಯಾರ ಹತ್ತಿರ ಹೋಗೋದು?

ಭಾರತಕ್ಕೆ ಇದು ಬಂದದ್ದು ಒಂದು ಸ್ನೇಹದ ದಾರಿಯಲ್ಲಿ. 1938ರಲ್ಲಿ, ಜಪಾನಿನ ಜೊತೆ ಯುದ್ಧದಲ್ಲಿದ್ದ ಚೀನಾಕ್ಕೆ ಇಲ್ಲಿಂದ ಐವರು ವೈದ್ಯರ ತಂಡ ಹೋಯಿತು. ಗಡಿಯಾಚೆಯ ನಮ್ಮ ನೆರೆಯೂರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅಲ್ಲೇ 1942ರಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಚಿಕಿತ್ಸೆ ಶುರುಮಾಡಿದರು.

ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಇದನ್ನು ಒಂದು ಚಿಕಿತ್ಸಾ ವಿಧಾನ ಅಂತ ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿಯ ಮಾನ್ಯತೆ ಕೊಟ್ಟಿತು. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಕಾನೂನು ಇದೆ. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿಯವರು ಓದುವಾಗಲೇ ಆಕ್ಯುಪಂಕ್ಚರ್ ಕಲಿತಿರ್ತಾರೆ. ಎಂಬಿಬಿಎಸ್ ಮುಗಿಸಿ ಪ್ರತ್ಯೇಕವಾಗಿ ಕಲಿತವರೂ ಇದ್ದಾರೆ. ಬೋರ್ಡ್ ಮೇಲೆ ‘ಡಾ.’ ಇದ್ದ ಮಾತ್ರಕ್ಕೆ ಒಳಗೆ ಹೋಗಬೇಡಿ. ಫೋನ್‌ನಲ್ಲೇ ಇಷ್ಟು ಕೇಳಿ:

• ನಿಮ್ಮ ಪದವಿ ಯಾವುದು, ಆಕ್ಯುಪಂಕ್ಚರ್ ಎಷ್ಟು ಕಾಲ, ಎಲ್ಲಿ ಕಲಿತಿದ್ದೀರಿ?
• ನನ್ನಂಥ ನೋವಿಗೆ ಸಾಮಾನ್ಯವಾಗಿ ಎಷ್ಟು ಸಲ ಬರಬೇಕು, ಒಂದು ಸಲಕ್ಕೆ ಎಷ್ಟು?
• ಎಷ್ಟು ಸಲ ಆದ ಮೇಲೂ ಗುಣ ಕಾಣದಿದ್ದರೆ ನಿಲ್ಲಿಸ್ತೀರಿ?
• ಸೂಜಿ ಒಮ್ಮೆ ಬಳಸುವಂಥದ್ದಾ?

ಮೂರನೇ ಪ್ರಶ್ನೆಗೆ ನೇರ ಉತ್ತರ ಕೊಡುವವರು ನಂಬಿಕೆಗೆ ಅರ್ಹರು. ‘30 ಸಿಟ್ಟಿಂಗ್ ಪ್ಯಾಕೇಜ್, ಇವತ್ತೇ ಕಟ್ಟಿದರೆ ಡಿಸ್ಕೌಂಟ್’ ಅನ್ನುವವರ ಹತ್ತಿರ ‘ಯೋಚನೆ ಮಾಡಿ ಹೇಳ್ತೀನಿ’ ಅಂದು ಬನ್ನಿ.

ಸೂಜಿಗೂ ಮೊದಲು ಕಾರಣ ತಿಳಿಯಲಿ

ಆಕ್ಯುಪಂಕ್ಚರ್‌ನ ದೊಡ್ಡ ಅಪಾಯ ಸೂಜಿಯದ್ದಲ್ಲ, ತಡವಾಗುವುದು. ನೋವು ಸ್ವಲ್ಪ ತಗ್ಗಿತು ಅಂತ ಸಮಾಧಾನದಿಂದ ಇರುವಾಗ ಒಳಗಿನ ಕಾಯಿಲೆ ಬೆಳೀತಾ ಇರಬಹುದು. ಬೆನ್ನುನೋವಿನ ಜೊತೆ ಕಾಲಿನ ಬಲ ಕುಗ್ಗಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ ಅದು ತುರ್ತು ಪರಿಸ್ಥಿತಿ. ಜೀವನದಲ್ಲೇ ಕಾಣದಂಥ ತಲೆನೋವು ದಿಢೀರ್ ಬಂದರೆ, ಎದೆನೋವು ಎಡಗೈಗೆ ಅಥವಾ ದವಡೆಗೆ ಹರಿದರೆ ಕೂಡ ಹಾಗೇ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯೋದು, ರಾತ್ರಿ ಎಬ್ಬಿಸುವ ನೋವು ಇದ್ದರೂ ಮೊದಲು ವೈದ್ಯರ ತಪಾಸಣೆ ಆಗಲಿ.

ಕಾರಣ ತಿಳಿದು, ಅಪಾಯದ್ದೇನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಸೂಜಿಗೆ ಒಂದು ಗಡುವು ಕೊಡಿ. ಶುರು ಮಾಡೋ ಮುಂಚಿನ ಒಂದು ವಾರ ದಿನಾ ರಾತ್ರಿ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಮೊಬೈಲ್‌ನಲ್ಲಿ ಬರೆದಿಡಿ. ಎಷ್ಟು ಮಾತ್ರೆ ತಗೊಂಡಿರಿ, ನಿದ್ದೆ ಎಷ್ಟು ಬಂತು ಅನ್ನೋದೂ ಇರಲಿ. ವಾರಕ್ಕೊಂದೋ ಎರಡೋ ಸಲದಂತೆ ಆರು ಸಲ ಮಾಡಿಸಿ, ಮತ್ತೆ ಲೆಕ್ಕ ನೋಡಿ. 7 ಇದ್ದದ್ದು 4ಕ್ಕೆ ಬಂದಿದ್ದರೆ, ಮಾತ್ರೆ ಕಡಿಮೆ ಆಗಿದ್ದರೆ ಮುಂದುವರಿಸಿ. 7 ಇದ್ದದ್ದು 6.5 ಆಗಿದ್ದರೆ ಆ ದುಡ್ಡಿನಲ್ಲಿ ಒಳ್ಳೆಯ ಕುರ್ಚಿ ಕೊಳ್ಳಿ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಕೂಡ 2020ರಿಂದ ಹೀಗೇ ಮಾಡ್ತಿದೆ: ಹಳೇ ಸೊಂಟನೋವಿಗೆ 90 ದಿನಗಳಲ್ಲಿ 12 ಸಲ, ಗುಣ ಕಂಡರೆ ಮಾತ್ರ ಇನ್ನೂ 8 ಸಲ, ಕಾಣದಿದ್ದರೆ ಅಲ್ಲಿಗೇ ನಿಲ್ಲಿಸು.

ನಡಿಗೆ, ಬೆನ್ನಿನ ಸ್ನಾಯು ಗಟ್ಟಿಯಾಗಿಸುವ ವ್ಯಾಯಾಮ, ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳೋದು ಇವನ್ನು ಸೂಜಿಯ ನೆಪದಲ್ಲಿ ಬಿಡಬೇಡಿ. ನೋವು ಸ್ವಲ್ಪ ತಗ್ಗಿದ ದಿನಗಳು ವ್ಯಾಯಾಮ ಶುರುಮಾಡೋಕೆ ಒಳ್ಳೆಯ ದಿನಗಳು. ಸೂಜಿ ಕೊಟ್ಟ ಬಿಡುವನ್ನು ಹಾಗೆ ಬಳಸಿಕೊಂಡರೆ, ಮುಂದಿನ ವರ್ಷ ಅದೇ ಕ್ಲಿನಿಕ್‌ನ ಅದೇ ಮಂಚದ ಮೇಲೆ ಮಲಗುವ ಪ್ರಮೇಯ ಬಾರದೇ ಇರಬಹುದು.